ಹಳೆಯ ಕನ್ನಡ ಪುಸ್ತಕ ಆನ್‌ಲೈನ್‌ನಲ್ಲಿ ಹುಡುಕುವುದು ಹೇಗೆ?

ಅಂಗಡಿಯಲ್ಲಿ ಸಿಗದ ಹಳೆಯ ಪುಸ್ತಕ ಬೇಕಾ? ಮೊದಲು ಇಂಟರ್ನೆಟ್ ಆರ್ಕೈವ್ (archive.org) ಅನ್ನೋ ಜಾಲತಾಣ ನೋಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಎಷ್ಟೋ ಕನ್ನಡ ಪುಸ್ತಕಗಳು ಅಲ್ಲಿವೆ, ದುಡ್ಡು ಕೊಡಬೇಕಿಲ್ಲ.

ಆದರೆ ಕನ್ನಡದಲ್ಲಿ ಟೈಪ್ ಮಾಡಿದರೆ ಹಲವು ಸಲ ಏನೂ ಬರುವುದಿಲ್ಲ. ಪುಸ್ತಕ ಇಲ್ಲ ಅಂತ ಸುಮ್ನೆ ಬಿಟ್ಟುಬಿಡಬೇಡಿ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಒಂದೊಂದು ಕಡೆ ಒಂದೊಂದು ಥರ ಬರೆದಿಟ್ಟಿರುತ್ತಾರೆ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಮೂರ್ನಾಲ್ಕು ರೀತಿ ಹುಡುಕಿ: ದೀರ್ಘ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ, 'ತ'ಕಾರಕ್ಕೆ ಎಚ್ ಸೇರಿಸಿ ಇನ್ನೊಮ್ಮೆ. ಲೇಖಕರ ಹೆಸರನ್ನೂ ಹಾಗೇ ಹಾಕಿ. ಆಮೇಲೆ ಭಾಷೆಯ ಫಿಲ್ಟರ್‌ನಲ್ಲಿ ಕನ್ನಡ ಆರಿಸಿಕೊಂಡರೆ ಬೇಡದ್ದೆಲ್ಲ ಹೋಗುತ್ತದೆ. ತಾಳ್ಮೆ ಬೇಕು, ಆದರೆ ಬೇಕಾದ ಪುಸ್ತಕ ಸಿಕ್ಕಾಗ ಆಗುವ ಖುಷಿಯೇ ಬೇರೆ ಅಲ್ವಾ!

ಸ್ಕ್ಯಾನ್ ಆದ ಪುಟ ಬರೀ ಚಿತ್ರ. ಅದರಿಂದ ಅಕ್ಷರ ಬೇಕಿದ್ದರೆ ಪುಟದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಜಾಸ್ತಿ, ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಿ. ಇಷ್ಟೆಲ್ಲ ಮಾಡುವ ಮೊದಲು ಪುಸ್ತಕಗಳ ಪಠ್ಯವನ್ನು ಟೈಪ್ ಮಾಡಿ ಇಡುವ ಜಾಲತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಒಮ್ಮೆ ಹುಡುಕಿ, ಯಾರಾದರೂ ಆಗಲೇ ಟೈಪ್ ಮಾಡಿಟ್ಟಿರಬಹುದು.