ಹಂಟಿಂಗ್‌ಟನ್ ಅವರ ವೃತ್ತಿಜೀವನವನ್ನು ಅಭ್ಯಾಸ ಮಾಡುವ ಕ್ರಮ

ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್‌ಟನ್ ಅವರ ಕುರಿತು ಸೆಮಿನಾರಿಗೆ ಪ್ರಬಂಧ ಬರೆಯಲು ಕುಳಿತವರು ಸಾಮಾನ್ಯವಾಗಿ ‘ನಾಗರಿಕತೆಗಳ ಸಂಘರ್ಷ’ದಿಂದ ಆರಂಭಿಸಿ ಅಲ್ಲಿಯೇ ಮುಗಿಸಿಬಿಡುತ್ತಾರೆ. ಶೀತಲ ಸಮರದ ನಂತರದ ಸಂಘರ್ಷಗಳು ನಾಗರಿಕತೆಗಳ ನಡುವೆ ನಡೆಯುತ್ತವೆಂದು ವಾದಿಸುವ ಆ ಲೇಖನ ‘ಫಾರಿನ್ ಅಫೇರ್ಸ್’ ಪತ್ರಿಕೆಯಲ್ಲಿ ಅಚ್ಚಾದ 1993ರ ಹೊತ್ತಿಗೆ ಅವರಿಗೆ 66 ವರ್ಷವಾಗಿತ್ತು, ವಿವಾದಗಳು ಅವರಿಗೆ ಹಳೆಯ ಸಂಗತಿಯಾಗಿದ್ದವು. ಆದ್ದರಿಂದ ಹಿಂದಿನಿಂದ ಮುಂದಕ್ಕೆ, ಇಸವಿಯ ಕ್ರಮದಲ್ಲಿ ಓದುವುದೇ ಸರಿ.

ಮೊದಲು ಒಂದು ಹಾಳೆಯಲ್ಲಿ ಕೃತಿಗಳನ್ನೂ ಎದುರಿಗೆ ಆಯಾ ಕಾಲದ ಹುದ್ದೆಗಳನ್ನೂ ಬರೆದುಕೊಳ್ಳಿ. 1957ರಲ್ಲಿ ಸೇನೆ ಮತ್ತು ಪ್ರಭುತ್ವದ ಸಂಬಂಧವನ್ನು ಕುರಿತ ಗ್ರಂಥ. 1959ರಲ್ಲಿ ಹಾರ್ವರ್ಡ್ ಖಾಯಂ ಹುದ್ದೆ ನಿರಾಕರಿಸಿದ್ದರಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಪ್ರಯಾಣ, ಕೆಲವೇ ವರ್ಷಗಳಲ್ಲಿ ಹಾರ್ವರ್ಡ್‌ಗೇ ವಾಪಸಾತಿ. 1977–78ರಲ್ಲಿ ಕಾರ್ಟರ್ ಆಡಳಿತದ ರಾಷ್ಟ್ರೀಯ ಭದ್ರತಾ ಮಂಡಳಿಯಲ್ಲಿ ಕೆಲಸ. ಬಲಪಂಥೀಯರೆಂದು ಹೆಸರಾದ ಇವರು ಕೊನೆಯವರೆಗೂ ಡೆಮಾಕ್ರಟಿಕ್ ಪಕ್ಷದವರಾಗಿದ್ದರೆಂಬುದನ್ನೂ ಅಲ್ಲಿಯೇ ಗುರುತು ಹಾಕಿಕೊಳ್ಳಿ.

ಅನಂತರ ಪ್ರತಿ ಜಗಳವೂ ಯಾವುದರ ಬಗ್ಗೆ ಎಂದು ಬೇರ್ಪಡಿಸಬೇಕು. ಹೆಚ್ಚು ಸಮಯ ಬೇಡುವ ಕೆಲಸ ಇದು. 1968ರ ವಿಯೆಟ್ನಾಂ ಲೇಖನದಲ್ಲಿ, ಯುದ್ಧದ ಒತ್ತಡಕ್ಕೆ ಹಳ್ಳಿಗರು ನಗರಗಳಿಗೆ ವಲಸೆ ಹೋಗುವುದರಿಂದ ಕಮ್ಯುನಿಸ್ಟ್ ಗೆರಿಲ್ಲಾ ಪಡೆಯಾದ ವಿಯೆಟ್ ಕಾಂಗ್‌ನ ಗ್ರಾಮೀಣ ನೆಲೆ ಕುಸಿಯುತ್ತದೆ ಎಂದು ಅವರು ಬರೆದಾಗ, ಅದು ವಿವರಣೆಯೋ ಬಾಂಬ್ ದಾಳಿಗೆ ಸಮರ್ಥನೆಯೋ ಎಂಬುದು ನೈತಿಕ ಪ್ರಶ್ನೆಯಾಯಿತು. ಅದೇ ಲೇಖನ ವಿಯೆಟ್ ಕಾಂಗ್‌ನೊಂದಿಗೆ ಹೊಂದಾಣಿಕೆ ಅನಿವಾರ್ಯವೆಂದೂ ವಾದಿಸುತ್ತದೆ, ಆದುದರಿಂದ ಉಲ್ಲೇಖಗಳನ್ನು ನಂಬದೆ ಪೂರ್ತಿ ಓದಬೇಕು. 1986–87ರ ಜಗಳದ ಜಾತಿಯೇ ಬೇರೆ. ಗಣಿತಜ್ಞ ಸರ್ಜ್ ಲ್ಯಾಂಗ್, ಹಂಟಿಂಗ್‌ಟನ್ನರ ಬದಲಾಗುತ್ತಿರುವ ಸಮಾಜಗಳ ರಾಜಕೀಯ ವ್ಯವಸ್ಥೆಯನ್ನು ಕುರಿತ 1968ರ ಗ್ರಂಥದ ಸಮೀಕರಣಗಳು ಗಣಿತದ ವೇಷ ತೊಟ್ಟ ಅಭಿಪ್ರಾಯಗಳೆಂದೂ, ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ‘ತೃಪ್ತ ಸಮಾಜ’ಗಳ ಸಾಲಿಗೆ ಸೇರಿಸಿದ್ದು ಅಸಂಬದ್ಧವೆಂದೂ ಹಟ ಹಿಡಿದು ಪ್ರಚಾರ ಮಾಡಿದರು, ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಹಂಟಿಂಗ್‌ಟನ್ನರಿಗೆ ಎರಡು ಬಾರಿ ಕೈತಪ್ಪಿತು. ಇಲ್ಲಿ ಪ್ರಶ್ನೆಯಿರುವುದು ವಿಧಾನದ್ದು, ಮತ್ತು ಲ್ಯಾಂಗ್ ಅವರ ಆಕ್ಷೇಪದಲ್ಲಿ ತಿರುಳಿದೆ ಎಂದೇ ನನಗನ್ನಿಸುತ್ತದೆ.

ಕೊನೆಗೆ ‘ಸಂಘರ್ಷ’ಕ್ಕೆ ಬನ್ನಿ. 1993ರ ಲೇಖನದ ಶೀರ್ಷಿಕೆಯಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆ 1996ರ ಪುಸ್ತಕದಲ್ಲಿ ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿ. ಬಳಿಕ ಸಾಹಿತ್ಯ ವಿಮರ್ಶಕ ಎಡ್ವರ್ಡ್ ಸೈದ್ ಅವರ 2001ರ ಟೀಕೆಯನ್ನೂ, ಭಾರತವನ್ನು ‘ಹಿಂದೂ ನಾಗರಿಕತೆ’ ಎಂಬ ಒಂದೇ ಖಾನೆಗೆ ಹಾಕಿದರೆ ಇಲ್ಲಿನ ಕೋಟ್ಯಂತರ ಮುಸ್ಲಿಮರು ಎಲ್ಲಿ ಹೋಗಬೇಕೆಂಬ ಅಮರ್ತ್ಯ ಸೇನ್ ಅವರ ಆಕ್ಷೇಪವನ್ನೂ ಅದರ ಮುಂದಿಡಿ.