ಗಾಳಿ ಮಳೆಗೆ ಮನೆ ಹಾಳಾದಾಗ ಇನ್ಶೂರೆನ್ಸ್ ಕ್ಲೈಮ್ ಮಾಡೋದು ಹೇಗೆ

ಗಾಳಿ ನಿಂತ ತಕ್ಷಣ ಎಲ್ರೂ ಮೊದ್ಲು ಹಿಡಿಯೋದು ಪೊರಕೆ. ಸ್ವಲ್ಪ ತಡೀರಿ. ತಂತಿ ಏನಾದ್ರೂ ಬಿದ್ದಿದ್ರೆ ಆ ಕಡೆ ಹೋಗ್ಬೇಡಿ, ಮನೆ ಒಳಗೆ ನೀರಿದ್ರೆ ಒದ್ದೆ ಕೈಯಲ್ಲಿ ಮೇನ್ ಸ್ವಿಚ್ ಮುಟ್ಬೇಡಿ, ಎಲ್ಲಾ ಸೇಫ್ ಅಂತ ಗ್ಯಾರಂಟಿ ಆದ್ಮೇಲೆ ಫೋನ್ ತಗೊಂಡು ಬಿದ್ದಿದ್ದು ಬಿದ್ದ ಹಾಗೇ ಇರೋವಾಗ್ಲೇ ವಿಡಿಯೋ ಮಾಡಿ.

ವಿಡಿಯೋ ಅಂದ್ರೆ ಸುಮ್ನೆ ಸುತ್ತಾಡಿಸೋದಲ್ಲ. ಕ್ಲೈಮ್‌ನಲ್ಲಿ ಅರ್ಧ ಜಗಳ ಆಗೋದೇ ನೀರು ಎಲ್ಲಿಂದ ಬಂತು ಅನ್ನೋದರ ಮೇಲೆ. ಗಾಳಿಗೆ ಹೆಂಚು ಹಾರಿ ಆ ಸಂದಿಯಿಂದ ಮಳೆ ನೀರು ಇಳಿದಿದ್ದು ಬೇರೆ, ರಸ್ತೆ ನೀರು ಏರಿ ಬಾಗ್ಲಿಂದ ನುಗ್ಗಿದ್ದು ಬೇರೆ, ವರ್ಷಗಟ್ಲೆ ಸೋರ್ತಿದ್ದ ಜಾಗ ಇನ್ನೂ ಜಾಸ್ತಿ ಸೋರಿದ್ದು ಬೇರೆ. ಕೆಲವು ಪಾಲಿಸಿಗಳಲ್ಲಿ ಬಿರುಗಾಳಿ, ಪ್ರವಾಹ ಎರಡಕ್ಕೂ ಕವರ್ ಇರತ್ತೆ, ಕೆಲವಲ್ಲಿ ಪ್ರವಾಹಕ್ಕೆ ಇರಲ್ಲ ಅಥವಾ ಅದನ್ನ ಬೇರೆ ತಗೋಬೇಕು, ಹಳೇ ಸೋರಿಕೆಗೆ ಅಂತೂ ಯಾರೂ ಕೊಡಲ್ಲ. ಅದಕ್ಕೇ ಹಾರಿಹೋದ ಹೆಂಚಿನ ಜಾಗ, ಅದರ ಕೆಳಗೆ ನೆನೆದಿರೋ ಸೀಲಿಂಗ್, ಅದರ ಕೆಳಗಿರೋ ಹಾಸಿಗೆ, ಇವು ಒಂದಕ್ಕೊಂದು ಕೂಡೋ ಹಾಗೆ ತೆಗೀರಿ. ಸರ್ವೇಯರ್, ಅಂದ್ರೆ ನಷ್ಟ ಎಷ್ಟು ಅಂತ ನೋಡೋಕೆ ಕಂಪನಿ ಕಳಿಸೋರು, ನೀರಿನ ಕಲೆ ನೋಡೇ ಅಳೀತಾರೆ: ಅಂಚಲ್ಲಿ ಕಂದು ಬಣ್ಣದ ಉಂಗುರದ ಮೇಲೆ ಉಂಗುರ ಇದ್ರೆ ತುಂಬ ಸಲ ನೆಂದು ಒಣಗಿದ ಜಾಗ, ಬರೀ ಕಪ್ಪಗೆ ಹಸಿ ಇದ್ರೆ ಹೊಸದು. ಹೋದ ವರ್ಷ ಯಾವ್ದೋ ಫಂಕ್ಷನ್‌ನಲ್ಲಿ ತೆಗೆದ ಫೋಟೋದಲ್ಲಿ ಅದೇ ಸೀಲಿಂಗ್ ಬೆಳ್ಳಗೆ ಕಾಣ್ತಿದ್ರೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ.

ಆಮೇಲೆ ಟಾರ್ಪಾಲ್ ಹೊದಿಸಿ, ಒಡೆದ ಕಿಟಕಿಗೆ ಹಲಗೆ ಹೊಡೆಸಿ, ನೀರು ಹೊರಗೆ ಹಾಕಿ. ಕಂಪನಿಯವ್ರು ಬರ್ಲಿ ಅಂತ ಕೈಕಟ್ಟಿ ಕೂತ್ರೆ ಆಮೇಲೆ ಹಾಳಾಗಿದ್ದಕ್ಕೆ ನೀವೇ ಹೊಣೆ ಅಂತಾರೆ. ಈ ತಾತ್ಕಾಲಿಕ ಕೆಲ್ಸದ ಬಿಲ್ ಎಲ್ಲಾ ಎತ್ತಿಡಿ. ಆದ್ರೆ ಪೂರ್ತಿ ರಿಪೇರಿ ಮಾತ್ರ ಸರ್ವೇಯರ್ ನೋಡೋ ತನಕ ಬೇಡ, ಹಾಳಾದ ಸಾಮಾನೂ ಎಸೀಬೇಡಿ. ವಾಸ್ನೆ ಬಂದು ಇಟ್ಕೊಳಕ್ಕೇ ಆಗಲ್ಲ ಅಂದ್ರೆ ಕಂಪನಿಗೆ ಒಂದು ಮೇಲ್ ಹಾಕಿ, ಫೋಟೋ, ಸೀರಿಯಲ್ ನಂಬರ್ ತಗೊಂಡು ಎಸೀರಿ.

ಕಂಪನಿಗೆ ಅವತ್ತೇ ತಿಳಿಸಿ, ಕ್ಲೈಮ್ ನಂಬರ್ ಬರ್ಕೊಳ್ಳಿ, ಫೋನಲ್ಲಿ ಏನೇ ಮಾತಾಡಿದ್ರೂ ಅದನ್ನೇ ಎರಡು ಲೈನ್ ಮೇಲ್ ಮಾಡಿ. ಗೊತ್ತಿಲ್ದಿದ್ದನ್ನ ಊಹೆ ಮಾಡಿ ಹೇಳ್ಬೇಡಿ, ಇಲ್ಲದ ಟಿವಿನೂ ಸೇರಿಸ್ಬೇಡಿ, ಒಂದು ಸುಳ್ಳು ಸಿಕ್ಕಿಬಿದ್ರೆ ಪೂರ್ತಿ ಕ್ಲೈಮೇ ಹೋಗ್ಬಹುದು. ಸರ್ವೇಯರ್ ಬಂದಾಗ ನೀವೇ ಇರಿ, ಮೇಸ್ತ್ರಿ ಹತ್ರ ಎಸ್ಟಿಮೇಟ್ ಮೊದ್ಲೇ ಬರೆಸಿಟ್ಟಿರಿ, ಒಟ್ಟು ಇಷ್ಟು ಅಂತಲ್ಲ, ಹೆಂಚಿಗೆಷ್ಟು ಮರಕ್ಕೆಷ್ಟು ಕೂಲಿಗೆಷ್ಟು ಅಂತ ಬಿಡಿಬಿಡಿಯಾಗಿ.

ದುಡ್ಡು ಅಂದ್ಕೊಂಡಿದ್ದಕ್ಕಿಂತ ಕಮ್ಮಿ ಬಂದ್ರೆ ಗಾಬರಿ ಆಗೋದಕ್ಕಿಂತ ಮುಂಚೆ ಲೆಕ್ಕ ಕೇಳಿ. ಪಾಲಿಸಿಲಿರೋ ಎಕ್ಸೆಸ್, ಅಂದ್ರೆ ನಷ್ಟದಲ್ಲಿ ನೀವೇ ಹೊರಬೇಕಾದ ಪಾಲು, ಕಳೀತಾರೆ, ಕೆಲವು ಪಾಲಿಸಿಲಿ ಹಳೇ ವಸ್ತುಗೆ ಸವಕಳಿನೂ ಕಳೀತಾರೆ. ಇನ್ನೊಂದು ಜನಕ್ಕೆ ಗೊತ್ತೇ ಇರಲ್ಲ, ಮನೆ ಮತ್ತೆ ಕಟ್ಟೋಕೆ 100 ಬೇಕಾಗೋ ಕಡೆ ನೀವು 50ಕ್ಕೆ ಮಾತ್ರ ಇನ್ಶೂರ್ ಮಾಡಿಸಿದ್ರೆ, ಅಂಡರ್ ಇನ್ಶೂರೆನ್ಸ್ ಷರತ್ತು ಇರೋ ಪಾಲಿಸಿಲಿ 10 ನಷ್ಟ ಆದ್ರೂ ಕೈಗೆ ಬರೋದು 5. ಕಡಿತ ಯಾವ ಷರತ್ತಿನ ಮೇಲೆ ಅಂತ ಬರವಣಿಗೆಲಿ ತರಿಸ್ಕೊಳ್ಳಿ, ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಕಂಪನಿಯ ದೂರು ವಿಭಾಗ, ಅಲ್ಲೂ ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ದೂರು ನೋಡೋ ಓಂಬಡ್ಸ್‌ಮನ್ ತರದವ್ರು. ‘ಪೂರ್ತಿ ಮತ್ತು ಅಂತಿಮ’ ಅಂತಿರೋ, ಅಂದ್ರೆ ಇನ್ನೇನೂ ಕೇಳಲ್ಲ ಅಂತ ಒಪ್ಕೊಳ್ಳೋ ಕಾಗದಕ್ಕೆ ಮಾತ್ರ ಈ ಜಗಳ ಮುಗಿಯೋ ತನಕ ಸೈನ್ ಹಾಕ್ಬೇಡಿ.