ಎರಡು ಕಿಲೋಮೀಟರ್ ರಸ್ತೆಯ ಹೂಗಳು

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ಮೊದಲ ಎರಡು ಕಿಲೋಮೀಟರ್ ಬಿಟ್ಟು ಹೂ ನೋಡಲು ಇನ್ನೆಲ್ಲಿಗೂ ಹೋಗುವುದಿಲ್ಲ ಎಂದಾಗ ಜೊತೆಯ ಚಾರಣಿಗರು ನಕ್ಕಿದ್ದರು. "ಕುದುರೆಮುಖ, ಮುಳ್ಳಯ್ಯನಗಿರಿ ಸುತ್ತದೆ ಏನು ಸಿಗುತ್ತದೆ ಮಾರಾಯ?" ಏಳೆಂಟು ಮಳೆಗಾಲ ಕಳೆದವು. ಈಗ ಸುಮಾರು ನೂರಮೂವತ್ತು ಗಿಡಗಳನ್ನು ಹೂವಿಲ್ಲದಾಗಲೂ ಗುರುತಿಸುತ್ತೇನೆ. ನಕ್ಕವರೇ ಫೋಟೊ ಕಳಿಸಿ ಹೆಸರು ಕೇಳುತ್ತಾರೆ.

ಮೊದಲ ಎರಡು ವರ್ಷ ನಾನೂ ಬೆಟ್ಟ ಸುತ್ತಿದವನೇ. ಪೆಟ್ರೋಲು, ಹೋಂಸ್ಟೇ ಎಂದು ಇಪ್ಪತ್ತೈದು ಸಾವಿರವಾದರೂ ಹೋಗಿರಬೇಕು. ಹದಿನೆಂಟು ಸಾವಿರಕ್ಕೆ ಕೊಂಡ ಹಳೆಯ ಮ್ಯಾಕ್ರೋ ಲೆನ್ಸಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ನಾಲ್ಕು ಸಾವಿರ ಚಿತ್ರಗಳಲ್ಲಿ ಮುಕ್ಕಾಲು ಪಾಲು ಹೂವಿನ ಮುಖ ಮಾತ್ರ. ಇಂಪೇಷನ್ಸ್ ಜಾತಿಯ ಕಾಡು ಕರ್ಣಕುಂಡಲಗಳ ಹೆಸರು ಇರುವುದು ಹೂವಿನ ಬೆನ್ನಿನಲ್ಲಿ, ಎಲೆಯಲ್ಲಿ: ಹಿಂದಕ್ಕೆ ಚಾಚಿದ ಕೊಂಬಿನ ಉದ್ದವೆಷ್ಟು, ಅದು ಬಾಗಿದೆಯೇ, ಎಲೆಗಳು ಎದುರುಬದುರೋ ಒಂದಾದ ಮೇಲೊಂದೋ. ಅವೆಲ್ಲ ನನ್ನ ಚಿತ್ರದಲ್ಲಿ ಇರಲೇ ಇಲ್ಲ. ಮೊಬೈಲ್ ಆ್ಯಪ್ ಎಲ್ಲವನ್ನೂ ಅಂಗಳದ ಕರ್ಣಕುಂಡಲ ಎಂದೇ ಹೇಳಿತು.

ಆಮೇಲೆ ಜೂನ್‌ನಿಂದ ನವೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಅದೇ ರಸ್ತೆ. ಕೊಡೆ, ಮುನ್ನೂರು ರೂಪಾಯಿಯ ಭೂತಗನ್ನಡಿ, ಪೆನ್ಸಿಲ್ಲು. ಪೆನ್ನು ತಂದರೆ ಮಳೆ ಓದುತ್ತದೆ, ನಿಮಗೆ ಉಳಿಯುವುದಿಲ್ಲ. ಬರೆಯುವ ಮುಂಚೆ ಕ್ಯಾಮೆರಾ ಮುಟ್ಟುವಂತಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಮೊದಲ ದಿನ ಮೂರು ಗಂಟೆಗೆ ಇನ್ನೂರು ಮೀಟರ್ ದಾಟಿರಲಿಲ್ಲ, ಇಂಬಳಗಳಿಗೆ ಹಬ್ಬ. ಪಾಚಿ ಎಂದು ತುಳಿದು ಹೋಗುತ್ತಿದ್ದ ಒಸರುಬಂಡೆಯ ಮೇಲೆ ಸೆಪ್ಟೆಂಬರಿನಲ್ಲಿ ನೀಲಿ ಯುಟ್ರಿಕ್ಯುಲೇರಿಯಾ ಕಂಡದ್ದು ಹೀಗೆ. ಬೇರಿನ ಜಾಗದ ಸಣ್ಣ ಚೀಲಗಳಲ್ಲಿ ಹುಳ ಹಿಡಿಯುವ ಗಿಡ ಅದು.

ಘಾಟಿಯಲ್ಲಿ ಎಲೆಯನ್ನೂ ಕೀಳುವುದಿಲ್ಲ. ಒತ್ತಿ ಒಣಗಿಸುವುದೆಲ್ಲ ಸ್ನೇಹಿತರ ಕಾಫಿ ತೋಟದ ಬೇಲಿಸಾಲಿನದು. ಕರ್ಣಕುಂಡಲ ಪೇಪರಿನಲ್ಲಿ ಎರಡನೇ ದಿನಕ್ಕೆ ಬಸಳೆ ಸಾರಾಗುತ್ತಿತ್ತು. ಬಚ್ಚಲ ಒಲೆಯ ಪಕ್ಕದ ಕಟ್ಟೆಗೆ ಒಯ್ದು ದಿನಕ್ಕೆರಡು ಸಲ ಪೇಪರ್ ಬದಲಿಸಿದ ಮೇಲೆ ಬಣ್ಣ ನಿಂತಿತು. ಪೇಪರಿಗೆ ಇಡುವ ಮುಂಚೆ ಇನ್ನೊಂದು ಕೆಲಸವಿದೆ, ಅದು ಇಲ್ಲಿ ಬೇಡ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಮನೆಗೇ ಬಂದು ಕೇಳಿದರು. ಕಾಫಿ ಕೊಟ್ಟು ಕಳಿಸಿದೆ.

ಬೀಜದ ಹುಚ್ಚೂ ಹಿಡಿದಿತ್ತು. ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದೆಂದು ಟೀ ಸೋಸುವ ಬಟ್ಟೆ ಕಟ್ಟಿ ಹಿಡಿದೆ. ಆರು ಕುಂಡದಲ್ಲಿ ಎರಡು ಮೊಳೆತವು, ಬಸವನಹುಳು ತಿಂದಿತು.

2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿದಾಗ ನನ್ನ ಪಟ್ಟಿಯ ಒಂದು ತುಂಡೂ ಹೋಯಿತು. ಬೋಳು ಮಣ್ಣಿಗೆ ಮೊದಲು ಬಂದದ್ದು ಕಮ್ಯುನಿಸ್ಟ್ ಗಿಡವೆಂಬ ಕಳೆ. ಮೂರನೇ ಮಳೆಗಾಲದಲ್ಲಿ ಅದರ ಬುಡದಲ್ಲಿ ಮೂರೆಸಳಿನ ಗುಲಾಬಿ ಸೊನೆರಿಲಾ ಎದ್ದಿತ್ತು. ಅಲ್ಲೇ ಹತ್ತು ಹೆಜ್ಜೆ ಮೇಲೆ ನೆಲದಲ್ಲೇ ಬೆಳೆಯುವ ಆರ್ಕಿಡ್, ಒಂದು ಬಿಳಿ ನೆಲಸೀತಾಳೆಯೂ ಇದೆ. ಯಾವ ತಿರುವಿನಲ್ಲಿ ಎಂದು ಮಾತ್ರ ಕೇಳಬೇಡಿ.